ಅಂಬರಿನೊಳಗಿನ ಜೀರುಂಡೆ: ಹೊಸ ಕುಲ ಅನ್ನುವ ಮೊದಲು

ಅಂಬರಿನಲ್ಲಿ ಹೊಸ ಜೀರುಂಡೆ ಪತ್ತೆ ಅಂತ ಸುದ್ದಿ ಬಂದರೆ ವಿದ್ಯಾರ್ಥಿಗಳು ಕೇಳುವುದು ಒಂದೇ: "ಎಲ್ಲಿ ಸಿಕ್ತು ಸರ್?" ನಾನು ಕೇಳುವುದು ಬೇರೆ. ಅದರ ಹೊಟ್ಟೆ ಕಾಣಿಸಿತಾ?

ಅಂಬರ್ ಎಂದರೆ ಗಟ್ಟಿಯಾಗಿ ಉಳಿದ ಮರದ ರಾಳ. ಮ್ಯಾನ್ಮಾರಿನ ಕಚಿನ್ ಅಂಬರಿಗೆ ಸುಮಾರು 9.9 ಕೋಟಿ ವರ್ಷ. ನಮ್ಮ ಬೆಳಗಾವಿ ಸುತ್ತಲಿನ ಕರಿಕಲ್ಲು ಲಾವಾ ಆಗಿ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಊರ ಕಲ್ಲಿಗಿಂತ ಆ ಅಂಬರಿನೊಳಗಿನ ಹುಳವೇ ಹಳೆಯದು! ಭಾರತದ್ದೇ ಅಂಬರ್ ಬೇಕೆಂದರೆ ಗುಜರಾತಿನ ಸೂರತ್ ಕಡೆಯ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗಳಿವೆ. ಸುಮಾರು 5 ಕೋಟಿ ವರ್ಷದ ಆ ರಾಳವನ್ನು ಸುರಿಸಿದ್ದು ನಮ್ಮ ಘಟ್ಟದ ಧೂಪದ ಮರದ ಬಳಗಕ್ಕೇ ಸೇರಿದ ಮರಗಳು.

ಈಗ ಹೊಟ್ಟೆಯ ವಿಷಯ. ಜಗತ್ತಿನಲ್ಲಿ ಹೆಸರು ಪಡೆದ ಜೀರುಂಡೆಗಳೇ ಸುಮಾರು 4 ಲಕ್ಷ ಬಗೆ. ಬೆನ್ನು ನೋಡಿದರೆ ಎಷ್ಟೋ ಒಂದೇ ಥರ ಕಾಣುತ್ತವೆ. ತಿರುಗಿಸಿ ನೋಡಿದಾಗಲೇ ಗುಟ್ಟು ತಿಳಿಯುವುದು. ನೆಲದ ಮೇಲೆ ಓಡಾಡುವ ಬೇಟೆಗಾರ ಜೀರುಂಡೆಗಳಲ್ಲಿ ಹಿಂಗಾಲಿನ ಬುಡ ಅಲುಗಾಡದಂತೆ ಕೂತು, ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡಾಗಿ ಸೀಳಿರುತ್ತದೆ. ಉಳಿದ ಬಹುಪಾಲು ಜೀರುಂಡೆಗಳಲ್ಲಿ ಹಾಗಿಲ್ಲ. ಆಮೇಲೆ ಪಾದದ ಗಂಟುಗಳ ಎಣಿಕೆ. ಮೂರೂ ಜೋಡಿ ಕಾಲಿನಲ್ಲಿ ಐದೈದು ಇದ್ದರೆ ಹುಡುಕಾಟ ಒಂದು ಗುಂಪಿನ ಕಡೆ, ಹಿಂಗಾಲಿನಲ್ಲಿ ಮಾತ್ರ ನಾಲ್ಕಿದ್ದರೆ ಇನ್ನೊಂದರ ಕಡೆ. ಮೀಸೆಯಲ್ಲಿ ಸಾಮಾನ್ಯವಾಗಿ 11 ಗಂಟು. ಅದರ ತುದಿ ದಪ್ಪವೋ, ಗರಗಸದಂತಿದೆಯೋ ಅದನ್ನೂ ನೋಡಬೇಕು.

ತೊಂದರೆ ಏನೆಂದರೆ, ಸರಿಯಾಗಿ ಅಲ್ಲೇ ಗಾಳಿಗುಳ್ಳೆಯೋ ಬಿಳಿ ಪೊರೆಯೋ ಅಡ್ಡ ಬಂದಿರುತ್ತದೆ. ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ಕಿಟಕಿ ಮಾಡಿಕೊಳ್ಳಬೇಕು. ಜಾಸ್ತಿ ಉಜ್ಜಿದರೆ ಕಾಲೇ ಹೋಯಿತು! ಒಂದು ಹನಿ ಗ್ಲಿಸರಿನ್ ಹಾಕಿ ಮೇಲೆ ಗಾಜಿನ ಚೂರು ಇಟ್ಟರೆ ಗೀರುಗಳ ಹೊಳಪು ತಗ್ಗುತ್ತದೆ. ಅದಕ್ಕೂ ಬಗ್ಗದಿದ್ದರೆ ಮೈಕ್ರೋ ಸಿಟಿ ಸ್ಕ್ಯಾನ್, ಅಂದರೆ ಎಕ್ಸ್-ರೇಯಿಂದ ಒಳಗಿನ ಹುಳದ ರೂಪ ನೋಡುವುದು.

ಕುಲ ಎಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ (ಜೀವಿಯ ಒಂದೊಂದು ಬಗೆಯ) ಗುಂಪು. ಇಷ್ಟೆಲ್ಲ ನೋಡಿದ ಮೇಲೂ ಕುಲ ಹೊಸದೋ, ಹಳೆ ಕುಲದ ಹೊಸ ಪ್ರಭೇದವೋ? ಇದನ್ನು ಅಳೆಯುವ ಪಟ್ಟಿ ಯಾರ ಬಳಿಯೂ ಇಲ್ಲ. ಬದುಕಿರುವ ಮತ್ತು ಅಳಿದ ಸಂಬಂಧಿಗಳನ್ನೆಲ್ಲ ಪಕ್ಕದಲ್ಲಿಟ್ಟು ನೋಡಿ ನಿರ್ಧರಿಸಬೇಕು. ಒಂದೇ ಲಕ್ಷಣ ಬೇರೆ ಇದೆಯೆಂದು ಕುಲ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಹುಳ ಹಳೆಯದು ಎಂದು ಸುಮ್ನೆ ಹೊಸ ಕುಲ ಮಾಡುವುದೂ ಸರಿಯಲ್ಲ. ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆ ಸಿಗುವ, ಕೋಟಿಗಟ್ಟಲೆ ವರ್ಷ ಹಳೆಯ ಬಾಲ್ಟಿಕ್ ಅಂಬರಿನ ಎಷ್ಟೋ ಜೀರುಂಡೆಗಳು ಇಂದಿಗೂ ಬದುಕಿರುವ ಕುಲಗಳಿಗೇ ಸೇರಿದವು, ಅಲ್ವಾ?

ಹೆಸರಿಡಲು ಅಂತರರಾಷ್ಟ್ರೀಯ ನಿಯಮಗಳಿವೆ. ಆ ಕುಲನಾಮ ಬೇರೆ ಯಾವ ಪ್ರಾಣಿಗೂ ಮೊದಲೇ ಇಟ್ಟಿರಬಾರದು. ಕುಲಕ್ಕೆ ಮಾದರಿಯಾಗುವ ಒಂದು ಪ್ರಭೇದವನ್ನು ಗುರುತಿಸಲೇಬೇಕು. ಆ ಪ್ರಭೇದಕ್ಕೆ ಆಧಾರವಾದ ಹುಳ, ಅಂದರೆ ಹೋಲೋಟೈಪ್, ಯಾರದೋ ಮನೆಯ ಕಪಾಟಿನಲ್ಲಿದ್ದರೆ ನಾಳೆ ಇನ್ನೊಬ್ಬರು ಪರೀಕ್ಷಿಸುವುದು ಹೇಗೆ? ಅದು ಸಾರ್ವಜನಿಕ ಮ್ಯೂಸಿಯಂನಲ್ಲಿರಬೇಕು. ಕಚಿನ್ ಅಂಬರಾದರೆ ಇನ್ನೊಂದು ಪ್ರಶ್ನೆಯೂ ಇದೆ. ಅಲ್ಲಿ ಗಣಿಗಳ ಸುತ್ತಲೇ ಸಶಸ್ತ್ರ ಸಂಘರ್ಷ ನಡೆದಿದೆ. ಆ ತುಂಡು ಯಾವಾಗ, ಯಾರ ಕೈಯಿಂದ ಹೊರಬಂತು ಎಂಬುದನ್ನೂ ಲೇಖನದಲ್ಲಿ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.