ಕ್ಲೈಂಟ್ ಆತ್ಮಹತ್ಯೆ ಮಾಡಿಕೊಂಡ, ನಾನೇ ಗಮನಿಸದೆ ಹೋದೆನಾ?

ಪ್ರಶ್ನೆ: ನಾನು ಆಪ್ತಸಮಾಲೋಚಕಿ. ಬಹಳ ತಿಂಗಳಿಂದ ನನ್ನ ಬಳಿ ಬರುತ್ತಿದ್ದ ಹುಡುಗ ಆತ್ಮಹತ್ಯೆ ಮಾಡಿಕೊಂಡ. ಕೊನೆಯ ಸಲ ನಗುತ್ತಲೇ ಎದ್ದು ಹೋಗಿದ್ದ. ನನ್ನಿಂದ ಏನಾದರೂ ತಪ್ಪಿಹೋಯಿತಾ? ಅವರ ಮನೆಗೆ ಹೋಗಬಹುದಾ?

ಉತ್ತರ: ಆದ ಮೇಲೆ ಫೈಲ್ ತಿರುವಿದರೆ ಸಾಲುಸಾಲಿನಲ್ಲೂ ಸುಳಿವು ಕಾಣುತ್ತದೆ. 'ನಿದ್ದೆ ಪರವಾಗಿಲ್ಲ' ಎಂದು ನೀವೇ ಬರೆದುಕೊಂಡದ್ದಕ್ಕೂ ಈಗ ಬೇರೆ ಅರ್ಥ ಹುಟ್ಟುತ್ತದೆ. ಆ ದಿನ ಅದಕ್ಕೆ ಆ ಅರ್ಥ ಇರಲಿಲ್ಲ. 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2017ರ ವಿಶ್ಲೇಷಣೆಯೊಂದರ ಪ್ರಕಾರ, ನಾವು ನಂಬಿಕೊಂಡಿರುವ ಅಪಾಯದ ಲಕ್ಷಣಗಳಿಂದ ಆತ್ಮಹತ್ಯೆಯನ್ನು ಮುಂಚೆಯೇ ಹೇಳುವುದು ಬರೀ ಊಹೆಗಿಂತ ಅಷ್ಟೇನೂ ಮೇಲಲ್ಲ. ಹಾಗಂತ ಕಲಿಯುವುದೇನೂ ಇಲ್ಲ ಅಂತಲ್ಲ. ಸೂಪರ್‌ವೈಸರ್ ಜೊತೆ ಕೂತು ಕೇಸನ್ನು ಮತ್ತೊಮ್ಮೆ ನೋಡಿ, ರಾತ್ರಿ ಒಬ್ಬರೇ ಬೇಡ. ಹಳೆಯ ಟಿಪ್ಪಣಿಯ ಒಂದಕ್ಷರವನ್ನೂ ತಿದ್ದಬೇಡಿ. ಈಗ ನೆನಪಾದದ್ದನ್ನು ಇಂದಿನ ತಾರೀಖು ಹಾಕಿ ಬೇರೆಯಾಗಿ ಬರೆದಿಡಿ.

ಬಂಧು ಸತ್ತರೆ ರಜೆ, ಸೂತಕ, ಹನ್ನೊಂದನೇ ದಿನ, ಬಂದು ಮಾತಾಡಿಸುವ ನಾಲ್ಕು ಜನ ಎಲ್ಲ ಉಂಟು. ನಿಮಗೆ ಅವನು ಬರುತ್ತಿದ್ದ ನಾಲ್ಕು ಗಂಟೆ ಖಾಲಿ, ಐದಕ್ಕೆ ಇನ್ನೊಬ್ಬರು ಬಂದು ಕೂರುತ್ತಾರೆ. ಮನೆಯಲ್ಲೂ ಹೆಸರು ಹೇಳುವಂತಿಲ್ಲ. ಆದರೆ ಹೆಸರು, ವಿವರ ಬಿಟ್ಟು 'ಒಬ್ಬರನ್ನು ಕಳೆದುಕೊಂಡೆ' ಎಂದು ಹೇಳಿ ಅಳುವುದಕ್ಕೆ ಗೋಪ್ಯತೆ ಅಡ್ಡ ಬರುವುದಿಲ್ಲ. ಇದನ್ನು ವೃತ್ತಿಯವರು ತಮಗೆ ತಾವೇ ನಿಷೇಧಿಸಿಕೊಳ್ಳುತ್ತಾರೆ ಎಂಬುದು ನನ್ನ ತಕರಾರು.

ಮನೆಯವರ ಒಪ್ಪಿಗೆ ಇದ್ದರೆ, ಸಂಸ್ಥೆಯ ಹಿರಿಯರಿಗೆ ತಿಳಿಸಿ ಹೋಗಬಹುದು. 'ನಿಮ್ಮ ಹತ್ರ ಏನು ಹೇಳ್ತಿದ್ದ ಮೇಡಂ?' ಎಂದು ತಾಯಿ ಕೇಳಿಯಾರು. ಸತ್ತ ಮೇಲೂ ಅವನ ಗುಟ್ಟು ಅವನದೇ. 'ಅವನ ಮಾತು ನಾನು ಹೇಳೋ ಹಾಗಿಲ್ಲಮ್ಮ, ನನಗೂ ತುಂಬ ಸಂಕಟ ಆಗಿದೆ' ಎಂದರೆ ಸಾಕು. ಹೊರಡುವ ಮುಂಚೆ ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿಕೊಳ್ಳಿ.

ಮುಂದಿನ ವಾರಗಳಲ್ಲಿ ಭಯ ಕೆಲಸಕ್ಕೂ ನುಗ್ಗುತ್ತದೆ. ಕೆಲವರು ಬಂದವರನ್ನೆಲ್ಲ ಆಸ್ಪತ್ರೆಗೆ ಕಳಿಸತೊಡಗುತ್ತಾರೆ, ಇನ್ನು ಕೆಲವರು ಸಾವಿನ ಮಾತೇ ಎತ್ತುವುದಿಲ್ಲ. ಎರಡನೆಯದು ಹೆಚ್ಚು ಅಪಾಯ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಲು ಬಾಯಿ ಬರುತ್ತಿಲ್ಲವೆಂದರೆ ಅಂಥ ಕೇಸುಗಳನ್ನು ಕೆಲದಿನ ಸಹೋದ್ಯೋಗಿಗೆ ವಹಿಸಿ. ನಿಮ್ಮದೇ ಊಟ, ನಿದ್ದೆ ಕೆಟ್ಟು ಸುಧಾರಿಸದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಮಾಲೋಚಕರು ಕರೆ ಮಾಡಬಾರದೆಂದು ಯಾರೂ ಹೇಳಿಲ್ಲ.