ಚುಕ್ಕೆ ಬೆಳವಕ್ಕೆ ಮೂರು ಕುಲನಾಮ ಏಕೆ?

ಓದುಗರ ಪ್ರಶ್ನೆ: ಹಳೆಯ ಪುಸ್ತಕದಲ್ಲಿ ಚುಕ್ಕೆ ಬೆಳವದ ವೈಜ್ಞಾನಿಕ ಹೆಸರು ‘ಸ್ಟ್ರೆಪ್ಟೊಪೀಲಿಯ ಚೈನೆನ್ಸಿಸ್’ ಎಂದಿದೆ. ಇನ್ನೊಂದರಲ್ಲಿ ‘ಸ್ಟಿಗ್ಮಟೊಪೀಲಿಯ’, ಈಗಿನ ಹಕ್ಕಿಪಟ್ಟಿಗಳಲ್ಲಿ ‘ಸ್ಪಿಲೊಪೀಲಿಯ’. ಯಾವುದನ್ನು ಬರೆಯಬೇಕು?

ಸ್ಪಿಲೊಪೀಲಿಯ ಎಂದೇ ಬರೆಯಿರಿ.

ಸ್ಟ್ರೆಪ್ಟೊಪೀಲಿಯ ತಪ್ಪು ಹೆಸರಲ್ಲ, ಅದು ಬೇರೆ ಕುಲ (ಹತ್ತಿರದ ಪ್ರಭೇದಗಳ ಗುಂಪು; ವೈಜ್ಞಾನಿಕ ಹೆಸರಿನ ಮೊದಲ ಪದ ಅದರದ್ದು). ಕತ್ತಿನ ಹಿಂದೆ ಚುಕ್ಕೆಯಿಲ್ಲದ ಕಪ್ಪು ಪಟ್ಟಿಯಿರುವ ಬೆಳವಗಳು ಅಲ್ಲಿಯೇ ಉಳಿದಿವೆ. ಚುಕ್ಕೆ ಬೆಳವದ ಪಟ್ಟಿಯಲ್ಲಿ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳಿವೆ. ಈಗ ಅದರ ಜೊತೆ ಸ್ಪಿಲೊಪೀಲಿಯದಲ್ಲಿರುವ ಪುಟ್ಟ ಕಂದು ಬೆಳವಕ್ಕೆ ಹಿಂಗತ್ತಿನ ಪಟ್ಟಿಯೇ ಇಲ್ಲ, ಚುಕ್ಕೆಗಳು ಕುತ್ತಿಗೆಯ ಮುಂಭಾಗದಲ್ಲಿ. ಇವೆರಡೂ ಒಂದಕ್ಕೊಂದು ಹತ್ತಿರದವು, ಉಳಿದವುಗಳಿಂದ ದೂರದವು ಎಂದು 2001ರ ಡಿಎನ್ಎ ಅಧ್ಯಯನ ತೋರಿಸಿತು. ಹಾಗಾಗಿ ಇವಕ್ಕೆ ಸ್ವಂತ ಕುಲ ಬೇಕಾಯಿತು.

ತೊಡಕು ಶುರುವಾಗುವುದು ಇಲ್ಲಿಂದ. ಸ್ವೀಡನ್ನಿನ ಪ್ರಾಣಿತಜ್ಞ ಕಾರ್ಲ್ ಸುಂಡೆವಾಲ್ 1873ರಲ್ಲಿ ಒಂದೇ ಕೃತಿಯಲ್ಲಿ ಈ ಎರಡು ಹಕ್ಕಿಗಳಿಗೂ ಬೇರೆಬೇರೆ ಕುಲನಾಮ ಕೊಟ್ಟಿದ್ದರು. ಪುಟ್ಟ ಕಂದು ಬೆಳವಕ್ಕೆ ಸ್ಟಿಗ್ಮಟೊಪೀಲಿಯ, ಚುಕ್ಕೆ ಬೆಳವಕ್ಕೆ ಸ್ಪಿಲೊಪೀಲಿಯ. ಗ್ರೀಕಿನ ಸ್ಟಿಗ್ಮ, ಸ್ಪಿಲೋಸ್ ಎರಡಕ್ಕೂ ಗುರುತು, ಕಲೆ ಎಂಬ ಅರ್ಥವಿದೆ. ಪೆಲೆಯ ಎಂದರೆ ಬೆಳವ. ಎರಡೂ ಒಂದೇ ಕುಲವಾದಾಗ ಒಂದು ಹೆಸರು ಬೀಳಲೇಬೇಕು. ಹಳೆಯದು ಗೆಲ್ಲಬೇಕೆಂಬ ನಿಯಮ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಎರಡಕ್ಕೂ ಒಂದೇ ವಯಸ್ಸು. ಮೂಲದಲ್ಲಿ ಸ್ಟಿಗ್ಮಟೊಪೀಲಿಯ ಮೊದಲು ಬರುತ್ತದೆಂದು 2005ರ ಸುಮಾರಿಗೆ ಕೆಲವರು ಅದನ್ನೇ ಹಿಡಿದರು. ಆದರೆ ಪ್ರಾಣಿಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ನಿಯಮಗಳಾದ ಪ್ರಾಣಿನಾಮಕರಣ ಸಂಹಿತೆಯ 24.2ನೇ ವಿಧಿಯ ಪ್ರಕಾರ ಸಾಲಿನ ಹಿಂದುಮುಂದಿಗೆ ಬೆಲೆಯಿಲ್ಲ. ಎರಡನ್ನೂ ಉಲ್ಲೇಖಿಸಿ ಒಂದನ್ನು ಮೊದಲು ಆಯ್ದವರ ಮಾತೇ ಅಂತಿಮ. ಆ ಆಯ್ಕೆ 1997ರಲ್ಲೇ ಆಗಿತ್ತು, ಆಯ್ದದ್ದು ಸ್ಪಿಲೊಪೀಲಿಯ. ಮಾಡಿದವರು ಆಸ್ಟ್ರೇಲಿಯದ ಪಕ್ಷಿತಜ್ಞರಾದ ಷೋಡ್ ಮತ್ತು ಮೇಸನ್. ಅವರ ದೇಶದಲ್ಲಿ ಇವೆರಡೂ ಹೊರಗಿನಿಂದ ತಂದು ಬಿಟ್ಟ ಹಕ್ಕಿಗಳು!

ಪ್ರಭೇದಕ್ಕೆ ಹೆಸರಿಟ್ಟವರನ್ನೂ ವರ್ಷವನ್ನೂ ಬರೆಯುವಾಗ ಆವರಣ ಚಿಹ್ನೆ ಮರೆಯಬೇಡಿ: ಸ್ಪಿಲೊಪೀಲಿಯ ಚೈನೆನ್ಸಿಸ್ (ಸ್ಕೋಪೊಲಿ, 1786), ಸ್ಪಿಲೊಪೀಲಿಯ ಸೆನೆಗಲೆನ್ಸಿಸ್ (ಲಿನೇಯಸ್, 1766). ಮೊದಲು ಹೆಸರಿಟ್ಟಾಗ ಎರಡೂ ಕೊಲಂಬ ಕುಲದಲ್ಲಿದ್ದವು, ಆಮೇಲೆ ಕುಲ ಬದಲಾಯಿತು ಎಂಬುದನ್ನು ಆ ಆವರಣವೇ ಹೇಳುತ್ತದೆ. ಬಿಟ್ಟರೆ ಅರ್ಥ ತಿರುಗಿಬಿಡುತ್ತದೆ.

ಕರ್ನಾಟಕದವರಿಗೆ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿರುವುದು ರೆಕ್ಕೆಯ ಮೇಲೂ ತಿಳಿ ಚುಕ್ಕೆಗಳಿರುವ ‘ಸುರಟೆನ್ಸಿಸ್’ (ಗ್ಮೆಲಿನ್, 1789). ಕೆಲವು ಪಟ್ಟಿಗಳು ಇದನ್ನು ಚೈನೆನ್ಸಿಸ್‌ನ ಉಪಪ್ರಭೇದ ಎಂದರೆ, ಕೆಲವು ಪ್ರತ್ಯೇಕ ಪ್ರಭೇದ ಎನ್ನುತ್ತವೆ. ಹಾಗೆ ಬಿಡಿಸಿದರೆ ಕುಲದಲ್ಲಿ ಎರಡಲ್ಲ, ಮೂರು ಪ್ರಭೇದ. ಯಾವ ಪಟ್ಟಿಯನ್ನು, ಅದರ ಯಾವ ವರ್ಷದ ಆವೃತ್ತಿಯನ್ನು ಅನುಸರಿಸಿದ್ದೀರಿ ಎಂದು ಟಿಪ್ಪಣಿಯಲ್ಲಿ ಬರೆದಿಡಿ. ಹಳೆಯ ದಾಖಲೆ ಹುಡುಕುವಾಗ ಮೂರೂ ಕುಲನಾಮ ಹಾಕಿ ನೋಡಿ. ಇಲ್ಲದಿದ್ದರೆ ಅರ್ಧ ದಾಖಲೆಗಳು ಕಣ್ತಪ್ಪುತ್ತವೆ, ಅಥವಾ ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ.