ಮರಳಿ ಬಂದವರ ಅಡ್ಡಹೆಸರು: ನವ್ರಾತಿಲ್

1980ರ ದಶಕದಲ್ಲಿ ಪತ್ರಿಕೆಗಳ ಕ್ರೀಡಾಪುಟ ಓದುತ್ತಿದ್ದ ಯಾರಿಗೂ ಮಾರ್ಟಿನಾ ನವ್ರಾಟಿಲೋವಾ ಯಾರೆಂದು ಹೇಳಬೇಕಾಗಿಲ್ಲ. ವಿಂಬಲ್ಡನ್ ಮಹಿಳಾ ಸಿಂಗಲ್ಸ್ ಪ್ರಶಸ್ತಿಯನ್ನು ಒಂಬತ್ತು ಸಲ ಗೆದ್ದವರು. 2003ರಲ್ಲಿ ನಮ್ಮ ಲಿಯಾಂಡರ್ ಪೇಸ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಮತ್ತು ವಿಂಬಲ್ಡನ್ ಮಿಶ್ರ ಡಬಲ್ಸ್ ಪ್ರಶಸ್ತಿಗಳನ್ನು ಎತ್ತಿದಾಗ ಆ ಹೆಸರು ಇನ್ನೊಮ್ಮೆ ನಮ್ಮ ಮನೆಗಳಿಗೆ ಬಂತು. ನಾವು ಅದನ್ನು ಉಚ್ಚರಿಸುವ ಬಗೆ ಮಾತ್ರ ಇಂಗ್ಲಿಷಿನ ಮೂಲಕ ಬಂದದ್ದು. ಜೆಕ್ ಭಾಷೆಯಲ್ಲಿ ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ. ನಡುವಿನ ‘ಟಿ’ ನಮ್ಮ ‘ತಿ’ಗೆ ಹತ್ತಿರ, ಅದೂ ‘ತ್ಯಿ’ ಎಂದಂತೆ ಮೆದು. ‘ಲೊ’ ಹ್ರಸ್ವ, ಕೊನೆಯ ‘ವಾ’ ದೀರ್ಘ. ಹಾಗಾಗಿ ನವ್ರಾತಿಲೊವಾ. ಆ ‘ಒವಾ’ ಹೆಣ್ಣುಮಕ್ಕಳ ಹೆಸರಿಗೆ ಸೇರುವ ಪ್ರತ್ಯಯ. ಅದನ್ನು ಕಳೆದರೆ ಉಳಿಯುವ ‘ನವ್ರಾತಿಲ್’ ಒಂದು ಇಡೀ ವಾಕ್ಯವೇ ಸರಿ: ‘ಮರಳಿ ಬಂದ’.

ಉತ್ತರ ಕರ್ನಾಟಕದ ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಬಲ್ಲ ನಮಗೆ ಅಡ್ಡಹೆಸರುಗಳ ತಮಾಷೆ ಹೊಸದಲ್ಲ. ಆದರೆ ಭೂತಕಾಲದ ಕ್ರಿಯಾಪದವೊಂದು ಮನೆತನದ ಹೆಸರಾಗಿ ಕೂತುಬಿಡುವುದು ಜೆಕ್ ನಾಡಿನ, ಅದರಲ್ಲೂ ಅದರ ಪೂರ್ವಭಾಗವಾದ ಮೊರಾವಿಯಾದ ವೈಶಿಷ್ಟ್ಯ. ಪೊಸ್ಪೀಶಿಲ್ ಎಂದರೆ ಅವಸರ ಮಾಡಿದ. ದೊಲೆಝಲ್ ಎಂದರೆ ಸುಮ್ಮನೆ ಬಿದ್ದುಕೊಂಡಿದ್ದ. ವಿಸ್ಕೊಚಿಲ್ ಎಂದರೆ ಜಿಗಿದೆದ್ದ. ದ್ರಹೊಕೌಪಿಲ್ ದುಬಾರಿ ಬೆಲೆಗೆ ಕೊಂಡವನು. ಸ್ತೊಯೆಸ್ಪಲ್ ನಿಂತಲ್ಲೇ ನಿದ್ದೆ ಹೊಡೆದವನು. ಇವು ಯಾವುವೂ ನಾನು ಕಟ್ಟಿದವಲ್ಲ, ಇಂದಿಗೂ ಅಂಚೆಪೆಟ್ಟಿಗೆಗಳ ಮೇಲೆ ಕಾಣುವ ಹೆಸರುಗಳು. 2014ರಲ್ಲಿ ವಿಂಬಲ್ಡನ್ ಪುರುಷರ ಡಬಲ್ಸ್ ಗೆದ್ದ ಕೆನಡಾದ ವಾಸೆಕ್ ಪೊಸ್ಪಿಸಿಲ್ ಈ ‘ಅವಸರ ಮಾಡಿದ’ವರ ಪೈಕಿಯವರೇ. ಆಜ್ಞಾರ್ಥದ ಹೆಸರುಗಳೂ ಉಂಟು: ಸ್ಕೊಚ್‌ದೊಪೊಲೆ ಎಂದರೆ ‘ಹೊಲಕ್ಕೆ ಜಿಗಿ’; ನೆಯೆಸ್‌ಖ್ಲೆಬಾ ಎಂದರೆ ‘ಬ್ರೆಡ್ ತಿನ್ನಬೇಡ’. ಈ ಎರಡನೆಯ ಮನೆತನದ ಮೂಲಪುರುಷನಿಗೆ ಹಾಗೆ ಹೇಳಿದ್ದು ಹೆಂಡತಿಯೋ ವೈದ್ಯನೋ, ಊರಿನ ನಗು ಮಾತ್ರ ಉಳಿದುಕೊಂಡಿದೆ.

ಇಂಥ ಹೆಸರುಗಳನ್ನು ಯಾರೂ ತಾವಾಗಿ ಇಟ್ಟುಕೊಂಡದ್ದಲ್ಲ. ಊರವರು ಇಟ್ಟದ್ದು. ಯಾನ್ ಎಂಬೊಬ್ಬನ ಮಾತು ಬಂದು ‘ಯಾವ ಯಾನ್?’ ಎಂದು ಕೇಳಿದರೆ ‘ಅದೇ, ಮರಳಿ ಬಂದನಲ್ಲ, ಅವನು’ ಎಂದು ಗುರುತು ಹೇಳುವಾಗಿನ ಮಾತು. ಜೆಕ್ ಭಾಷೆಯಲ್ಲಿ ‘ನವ್ರಾತಿಲ್ ಸೆ’ ಎಂದರೆ ‘ಅವನು ಹಿಂದಿರುಗಿದ’. ಹೆಸರಾಗುವಾಗ ಆ ‘ಸೆ’ ಉದುರಿಹೋಗಿದೆ. ಎಲ್ಲಿಂದ ಹಿಂದಿರುಗಿದ ಎಂಬುದನ್ನು ಹೆಸರು ಹೇಳುವುದಿಲ್ಲ. ಊರಿಗೆ ಗೊತ್ತಿದ್ದ ಸಂಗತಿಯನ್ನು ಹೇಳುವ ಅಗತ್ಯವೂ ಇರಲಿಲ್ಲ. ಯುದ್ಧದಿಂದ, ದೂರದ ಪಟ್ಟಣದ ಕಸುಬಿನಿಂದ, ಮಠದಿಂದ, ಅಥವಾ ತಪ್ಪಿಸಿಕೊಂಡು ಓಡಿಹೋಗಿದ್ದ ಕಡೆಯಿಂದ ಎಂದು ಹೆಸರುಗಳ ಅಧ್ಯಯನಕಾರರು ಸಾಧ್ಯತೆಗಳನ್ನು ಪಟ್ಟಿ ಮಾಡುತ್ತಾರೆ. ಒಬ್ಬೊಬ್ಬ ನವ್ರಾತಿಲ್‌ನ ಹಿಂದೆ ಒಂದೊಂದು ಕತೆ ಇದ್ದಿರಲೇಬೇಕು.

ಮರಳಿ ಬರುವುದು ಹೆಸರಿಡುವಷ್ಟು ದೊಡ್ಡ ಸಂಗತಿ ಏಕಾಯಿತು ಎಂಬುದಕ್ಕೆ ಆ ಕಾಲದ ಹಳ್ಳಿಯ ಸ್ಥಿತಿಯನ್ನು ನೋಡಬೇಕು. ರೈತ ತನ್ನ ಒಡೆಯನ ಜಮೀನಿಗೆ ಕಟ್ಟುಬಿದ್ದವನು. ಬೇರೆ ಊರಿಗೆ ಹೋಗಿ ನೆಲೆಸಲು, ಮದುವೆಯಾಗಲು, ಮಗನನ್ನು ಕಸುಬು ಕಲಿಯಲು ಕಳಿಸಲು ಒಡೆಯನ ಅಪ್ಪಣೆ ಬೇಕಿತ್ತು. ಈ ಕಟ್ಟನ್ನು ವಿಯೆನ್ನಾದಿಂದ ಆ ನಾಡನ್ನು ಆಳುತ್ತಿದ್ದ ಚಕ್ರವರ್ತಿ ಎರಡನೆಯ ಜೋಸೆಫ್ ತೆಗೆದುಹಾಕಿದ್ದು 1781ರ ನವೆಂಬರ್ 1ರಂದು. ಅಲ್ಲಿಯವರೆಗೆ ಊರು ಬಿಟ್ಟವನೆಂದರೆ ಒಂದೋ ಅಪ್ಪಣೆ ಪಡೆದವನು, ಇಲ್ಲವೇ ಓಡಿಹೋದವನು. ಓಡಿಹೋದವರನ್ನು ಒಡೆಯನ ಕಚೇರಿ ಪಟ್ಟಿ ಮಾಡಿ ಹುಡುಕಿಸುತ್ತಿತ್ತು. ಹೀಗೆ ಹೋದವನೊಬ್ಬ ಒಂದು ದಿನ ಊರಬಾಗಿಲಲ್ಲಿ ಕಾಣಿಸಿಕೊಂಡರೆ ಅದು ಆ ವರ್ಷದ ದೊಡ್ಡ ಸುದ್ದಿಯಾಗದೆ ಇರುತ್ತದೆಯೇ?

ಇನ್ನು ಯುದ್ಧ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧ ಮೊರಾವಿಯಾವನ್ನು ಹಣ್ಣುಗಾಯಿ ಮಾಡಿತು. ನವ್ರಾತಿಲರ ತವರೆನ್ನಬಹುದಾದ ಹಾನಾ ಬಯಲಿನ ಮುಖ್ಯ ಪಟ್ಟಣ ಓಲೊಮೌಟ್ಸ್ 1642ರಲ್ಲಿ ಸ್ವೀಡನ್ ಸೇನೆಯ ವಶವಾಯಿತು. ಯುದ್ಧ ಮುಗಿದ ಮೇಲೂ ಸೈನಿಕರು ಜಾಗ ಬಿಟ್ಟದ್ದು 1650ರಲ್ಲಿ. ಸುತ್ತಲಿನ ಹಳ್ಳಿಗಳ ಜನ ಕಾಡಿಗೋ ಬೆಟ್ಟಸೀಮೆಗೋ ಓಡಿದ್ದರು, ಇಲ್ಲವೇ ಸತ್ತಿದ್ದರು. ಕಂದಾಯ ಕಟ್ಟುವವರು ಎಷ್ಟು ಮಂದಿ ಉಳಿದಿದ್ದಾರೆಂದು ತಿಳಿಯಲು ಸರ್ಕಾರ ‘ಲಾನ್ ದಾಖಲೆ’ಗಳನ್ನು ಮಾಡಿಸಿತು. ಲಾನ್ ಎಂದರೆ ಅಲ್ಲಿನ ಜಮೀನಿನ ಅಳತೆ. ಮೊದಲ ಸುತ್ತು 1656–57ರಲ್ಲಿ, ಎರಡನೆಯದು 1669ರಿಂದ 1679ರವರೆಗೆ. ಅಧಿಕಾರಿಗಳು ಹಳ್ಳಿ ಹಳ್ಳಿ ತಿರುಗಿ ಬರೆದರು: ಈ ಹಿಡುವಳಿ ಇಂಥವನದು, ಹಿಂದೆ ಇಂಥವನದಾಗಿತ್ತು, ಇದು ಪಾಳು. ಈ ‘ಪಾಳು’ ಎಂಬ ಪದ ಸಾಲುಸಾಲಾಗಿ ಬರುವ ಪುಟಗಳೂ ಉಂಟು. ಅಂಥ ಹಿಡುವಳಿಗೆ ಹೊಸಬನೊಬ್ಬ ಬಂದು ಕೂತರೆ ಊರು ಅವನನ್ನು ನೊವಾಕ್ ಅಥವಾ ನೊವೊತ್ನೀ ಎಂದು ಕರೆಯಿತು. ಎರಡಕ್ಕೂ ಅರ್ಥ ಹೊಸಬ ಎಂದೇ. ಹಳಬನೇ ಮರಳಿ ಬಂದರೆ ಅವನು ನವ್ರಾತಿಲ್.

ಇಷ್ಟು ಹೇಳಿ ಎಲ್ಲ ನವ್ರಾತಿಲರನ್ನೂ ಆ ಯುದ್ಧದ ಲೆಕ್ಕಕ್ಕೆ ಬರೆದುಬಿಡುವುದು ಸುಲಭ, ಆದರೆ ತಪ್ಪು. ಕ್ರಿಯಾಪದದ ಇಂಥ ಹೆಸರುಗಳು ಯುದ್ಧಕ್ಕೆ ಬಹಳ ಮೊದಲೇ ಬಳಕೆಯಲ್ಲಿದ್ದವು. 1620ರ ಬಿಳಿಬೆಟ್ಟದ ಕದನದಲ್ಲಿ ಪ್ರಾಟೆಸ್ಟಂಟರು ಸೋತ ಮೇಲೆ ಕ್ಯಾಥೊಲಿಕ್ ಮತಕ್ಕೆ ‘ಮರಳಿದ’ವರಿಗೆ ಈ ಹೆಸರು ಬಂತೆಂಬ ಊಹೆಯನ್ನೂ ಮಾಡಬಹುದು. ಕೇಳಲು ಸೊಗಸಾಗಿದೆ, ಆದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಆಗ ಮತ ಬದಲಿಸಬೇಕಾಗಿ ಬಂದವರು ಹಳ್ಳಿಗೆ ಒಬ್ಬಿಬ್ಬರಲ್ಲ. ಎಲ್ಲರೂ ಮಾಡಿದ ಕೆಲಸದಿಂದ ಒಬ್ಬನನ್ನು ಗುರುತಿಸುವುದು ಹೇಗೆ?

ಇನ್ನೊಂದು ತೊಡಕಿದೆ, ವಂಶವೃಕ್ಷ ಹುಡುಕುವವರ ತಲೆ ಕೆಡಿಸುವಂಥದ್ದು. ಜೆಕ್ ಹಳ್ಳಿಗಳಲ್ಲಿ ಹೆಸರು ಎಷ್ಟೋ ಸಲ ಮನುಷ್ಯನಿಗಿಂತ ಮನೆಗೆ ಹೆಚ್ಚು ಅಂಟಿಕೊಂಡಿತ್ತು. ನವ್ರಾತಿಲರ ಮನೆಯನ್ನು ಕೊಂಡವನು, ಆ ಮನೆಯ ವಿಧವೆಯನ್ನು ಮದುವೆಯಾಗಿ ಬಂದವನು, ಕ್ರಮೇಣ ತಾನೂ ನವ್ರಾತಿಲ್ ಆಗುತ್ತಿದ್ದ. ಹಳೆಯ ಚರ್ಚ್ ಪುಸ್ತಕಗಳಲ್ಲಿ ಪಾದ್ರಿ ಒಂದು ಹೆಸರು ಬರೆದು, ‘ಅಲಿಯಾಸ್’ ಎಂದು ಇನ್ನೊಂದನ್ನು ಸೇರಿಸಿರುತ್ತಾನೆ. ಮುಂದಿನ ಪಾದ್ರಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಉಳಿಸಿಕೊಂಡರೆ ಮುಗಿಯಿತು, ಹುಟ್ಟಿದೂರು ಬಿಟ್ಟು ಎಲ್ಲಿಗೂ ಹೋಗದವನ ಮಕ್ಕಳು ‘ಮರಳಿ ಬಂದವರು’ ಆದರು. ಈ ಅಲುಗಾಟ ನಿಂತದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1770ರಿಂದ ಸೈನ್ಯದ ಭರ್ತಿಗಾಗಿ ಮನೆಗಳಿಗೆ ಸಂಖ್ಯೆ ಬಿತ್ತು. 1780ರ ದಶಕದಲ್ಲಿ ತಂದೆಯ ಹೆಸರೇ ಮಕ್ಕಳಿಗೂ ಬರಬೇಕೆಂಬ ಕಟ್ಟಳೆ ಬಂತು. 1784ರಲ್ಲಿ ಚರ್ಚಿನ ಜನನ, ಮದುವೆ, ಮರಣ ಪುಸ್ತಕಗಳಿಗೆ ಸರ್ಕಾರಿ ದಾಖಲೆಯ ಮಾನ್ಯತೆ ಸಿಕ್ಕಿತು. ಆ ಗಳಿಗೆಯಲ್ಲಿ ಯಾರ ಮೇಲೆ ಯಾವ ಹೆಸರಿತ್ತೋ ಅದೇ ಗಟ್ಟಿಯಾಯಿತು.

ಇಂದು ಜೆಕ್ ಗಣರಾಜ್ಯದಲ್ಲಿ ಗಂಡು ಹೆಣ್ಣು ಸೇರಿ ಹದಿನೈದು ಸಾವಿರದ ಆಸುಪಾಸು ಜನರಿಗೆ ಈ ಅಡ್ಡಹೆಸರಿದೆ. ದೇಶದ ಹೆಚ್ಚು ಬಳಕೆಯ ಹೆಸರುಗಳಲ್ಲಿ ಮೊದಲ ಮೂವತ್ತರ ಸುಮಾರಿಗೆ ಬರುತ್ತದೆ. (ಅದೇ ಪಟ್ಟಿಯಲ್ಲಿ ವಿಯೆಟ್ನಾಮಿನ ನುಯೆನ್ ಕೂಡ ಮೇಲಿನ ಸಾಲಿನಲ್ಲಿದೆ, ಮುಂದಿನ ಶತಮಾನದ ಹೆಸರಿನ ಚರಿತ್ರಕಾರರಿಗೆ ಕೆಲಸ ತಪ್ಪದು.) ಆದರೆ ಹರಡಿಕೆ ಸಮನಾಗಿಲ್ಲ. ಓಲೊಮೌಟ್ಸ್, ಪ್ರೊಸ್ತೆಯೊವ್, ಪ್ರ್ಶೆರೊವ್, ಕ್ರೊಮೆರ್ಝೀಶ್ ಮತ್ತು ಬ್ರನೋ ಸುತ್ತಮುತ್ತ ದಟ್ಟ. ಪಶ್ಚಿಮಕ್ಕೆ ಬೊಹೆಮಿಯಾದತ್ತ ಹೋದಂತೆ ವಿರಳ. ಇದ್ದೇ ಇಲ್ಲ ಎಂದಲ್ಲ. ಪ್ರಾಗ್ ನಗರದ ಅಂಚೆ ವಸ್ತುಸಂಗ್ರಹಾಲಯವಿರುವ ವಾವ್ರಾ ಮನೆಯ ಗೋಡೆಗಳನ್ನು ಚಿತ್ರಗಳಿಂದ ತುಂಬಿದ ಯೋಸೆಫ್ ನವ್ರಾತಿಲ್ (1798–1865) ಹುಟ್ಟಿದ್ದು ಬೊಹೆಮಿಯಾದ ಸ್ಲಾನೀ ಪಟ್ಟಣದಲ್ಲಿ.

ಹಾನಾ ಸೀಮೆಯ ನವ್ರಾತಿಲರಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರೆನಿಸುವುದು ಆಗಸ್ಟಿನ್ ನವ್ರಾತಿಲ್. ಕ್ರೊಮೆರ್ಝೀಶ್ ಹತ್ತಿರದ ಲುತೊಪೆಟ್ಸ್‌ನಿ ಹಳ್ಳಿಯವರು, ರೈಲ್ವೆ ಕೆಲಸಗಾರ. ಕಮ್ಯುನಿಸ್ಟ್ ಆಡಳಿತದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಕೇಳಿದ್ದಕ್ಕಾಗಿ ಅವರನ್ನು ಮಾನಸಿಕ ಆಸ್ಪತ್ರೆಗೆ ಹಾಕಲಾಗಿತ್ತು. ಅವರು 1987ರ ಕೊನೆಯಲ್ಲಿ 31 ಬೇಡಿಕೆಗಳ ಮನವಿಯೊಂದನ್ನು ಸಹಿಗಾಗಿ ಜನರ ನಡುವೆ ಹಂಚಿದರು. ಪ್ರಾಗ್‌ನ ಆರ್ಚ್‌ಬಿಷಪ್ ಕಾರ್ಡಿನಲ್ ತೊಮಾಶೆಕ್ ಬೆಂಬಲಕ್ಕೆ ನಿಂತರು. ಆರು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸಹಿ ಹಾಕಿದರೆ ಕೆಲಸಕ್ಕೇ ಕುತ್ತು ಬರಬಹುದಾಗಿದ್ದ ಕಾಲದಲ್ಲಿ ಅಷ್ಟು ಜನ ಹೆಸರು ಬರೆದದ್ದು.

ಹೆಣ್ಣುಮಕ್ಕಳ ‘ಒವಾ’ದ ಮಾತಿಗೆ ಬರೋಣ. ಮೂಲದಲ್ಲಿ ಇದು ‘ಇಂಥವನ’ ಎಂದು ಒಡೆತನ ಸೂಚಿಸುವ ಪ್ರತ್ಯಯ. ನವ್ರಾತಿಲೊವಾ ಎಂದರೆ ನವ್ರಾತಿಲನ ಹೆಂಡತಿ ಅಥವಾ ಮಗಳು. ಕುಟುಂಬವನ್ನು ಒಟ್ಟಾಗಿ ಕರೆದರೆ ನವ್ರಾತಿಲೊವಿ. ಗಂಡಸನ್ನು ಕೂಗಿ ಕರೆದರೆ ‘ಪಾನೆ ನವ್ರಾತಿಲೆ’. ಜೆಕ್ ಭಾಷೆಗೆ ವಿಭಕ್ತಿ ಬಿಟ್ಟು ಹೆಸರು ಹೇಳಲು ಬರುವುದಿಲ್ಲ, ಹಾಗಾಗಿ ಹೊರಗಿನ ಹೆಂಗಸರಿಗೂ ಬಾಲ ಅಂಟಿಸುತ್ತದೆ: ಇಂದಿರಾ ಗಾಂಧಿ ಅಲ್ಲಿ ಇಂದಿರಾ ಗಾಂಧಿಯೊವಾ. 2022ರ ಜನವರಿ 1ರಿಂದ ಕಾನೂನು ಸಡಿಲವಾಗಿದೆ. ಅದಕ್ಕೆ ಮೊದಲು ವಿದೇಶಿ ಗಂಡ, ವಿದೇಶವಾಸ ಮುಂತಾದ ಕಾರಣ ತೋರಿಸಬೇಕಿತ್ತು. ಈಗ ಯಾವ ಹೆಂಗಸೂ ಕಾರಣ ಹೇಳದೆ ‘ಒವಾ’ ಬಿಟ್ಟ ರೂಪವನ್ನು ಆರಿಸಿಕೊಳ್ಳಬಹುದು. ಭಾಷೆ ಕೆಡುತ್ತದೆ ಎಂದು ಗೊಣಗುವವರು ಅಲ್ಲಿಯೂ ಇದ್ದಾರೆ.

ಮಾರ್ಟಿನಾ ಈ ಹೆಸರಿಗೆ ಹುಟ್ಟಿನಿಂದ ಬಂದವರೇ ಅಲ್ಲ. 1956ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದಾಗ ಅವರು ಮಾರ್ಟಿನಾ ಶುಬರ್ತೊವಾ. ಜರ್ಮನ್ ಶೂಬರ್ಟ್ ಜೆಕ್ ವೇಷ ತೊಟ್ಟ ಹೆಸರದು. ತಂದೆ ತಾಯಿ ಬೇರೆಯಾದರು. 1962ರಲ್ಲಿ ತಾಯಿ ಮದುವೆಯಾದದ್ದು ಮಿರೊಸ್ಲಾವ್ ನವ್ರಾತಿಲ್ ಅವರನ್ನು. ಮಲತಂದೆಯೇ ಮೊದಲ ಟೆನಿಸ್ ಗುರು. ಹೆಸರೂ ಅವರದೇ ಬಂತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ: 1975ರಲ್ಲಿ, ಹದಿನೆಂಟರ ಹುಡುಗಿ, ಅಮೆರಿಕನ್ ಓಪನ್ ಆಡಲು ಹೋದಾಗ ಆಶ್ರಯ ಕೇಳಿ ಅಲ್ಲೇ ಉಳಿದರು. ‘ಮರಳಿ ಬಂದ’ ಎಂಬ ಹೆಸರು ಹೊತ್ತವರು ಮರಳಲಿಲ್ಲ. 1986ರ ಜುಲೈನಲ್ಲಿ ಫೆಡರೇಷನ್ ಕಪ್ ಆಡಲು ಅಮೆರಿಕದ ತಂಡದೊಂದಿಗೆ ಪ್ರಾಗ್‌ಗೆ ಬಂದಾಗ ಪ್ರೇಕ್ಷಕರು ಎದೆತುಂಬಿ ಸ್ವಾಗತಿಸಿದರು. ಫೈನಲ್‌ನಲ್ಲಿ ಅವರು ಹಾನಾ ಮಾಂಡ್ಲಿಕೋವಾರನ್ನು ಸೋಲಿಸಿ, ಹುಟ್ಟಿದ ದೇಶದ ವಿರುದ್ಧವೇ ಕಪ್ ಗೆದ್ದರು. ಜೆಕ್ ಪೌರತ್ವ ಮತ್ತೆ ಸಿಕ್ಕಿದ್ದು 2008ರಲ್ಲಿ.

ಹೊರಹೋದ ನವ್ರಾತಿಲರು ಇನ್ನೂ ಅನೇಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊರಾವಿಯಾದ ಬಡವರು ಇಟ್ಟಿಗೆ ಗೂಡು, ದರ್ಜಿ ಅಂಗಡಿ, ಅಡುಗೆಮನೆಗಳ ಕೆಲಸಕ್ಕೆ ವಿಯೆನ್ನಾಕ್ಕೆ ಹೋದರು. ಅಲ್ಲಿ ಈ ಹೆಸರು ಜರ್ಮನ್ ಕಾಗುಣಿತ ಪಡೆಯಿತು. ಹಾಗೆಯೇ ಮೊರಾವಿಯಾದ ಜರ್ಮನ್ ಭಾಷಿಕರಲ್ಲೂ ನವ್ರಾತಿಲರಿದ್ದರು. ಎರಡನೆಯ ಮಹಾಯುದ್ಧದ ನಂತರ ಜರ್ಮನರನ್ನು ದೇಶದಿಂದ ಹೊರಗಟ್ಟಿದಾಗ ಅಪ್ಪಟ ಜೆಕ್ ಹೆಸರಿನ ಎಷ್ಟೋ ಮಂದಿ ‘ಜರ್ಮನರು’ ಎಂದು ಹೋದರು, ಜರ್ಮನ್ ಹೆಸರಿನ ಎಷ್ಟೋ ಮಂದಿ ಜೆಕ್ ಆಗಿ ಉಳಿದರು. ಹೆಸರು ನೋಡಿ ಕುಲ ಹೇಳುವವರನ್ನು ಮಧ್ಯ ಯುರೋಪಿನಲ್ಲಿ ನಂಬಬಾರದು.

ಈ ಹೆಸರಿನ ವಿಚಿತ್ರ ಪ್ರಸಂಗವೊಂದು ಟೈಟಾನಿಕ್ ಹಡಗಿನಲ್ಲಿದೆ. ಇಂದಿನ ಸ್ಲೊವಾಕಿಯಾದ ಸೆರೆದ್ಯ್ ಊರಿನ ಮಿಶೆಲ್ ನವ್ರಾತಿಲ್ ಫ್ರಾನ್ಸಿನ ನೀಸ್ ನಗರದಲ್ಲಿ ದರ್ಜಿ. ಹೆಂಡತಿಯಿಂದ ದೂರವಾಗಿದ್ದ ಅವನು 1912ರ ಈಸ್ಟರ್ ಹೊತ್ತಿಗೆ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಗುಟ್ಟಾಗಿ ಕರೆದುಕೊಂಡು, ಹಾಫ್‌ಮನ್ ಎಂಬ ಸುಳ್ಳು ಹೆಸರಿನಲ್ಲಿ ಟೈಟಾನಿಕ್ ಹತ್ತಿದ. ಹಡಗು ಮುಳುಗುವಾಗ ಮಕ್ಕಳನ್ನು ಕೊನೆಯ ದೋಣಿಗಳಲ್ಲೊಂದಕ್ಕೆ ದಾಟಿಸಿ ತಾನು ಸತ್ತ. ನ್ಯೂಯಾರ್ಕ್ ತಲುಪಿದ ಆ ಮಕ್ಕಳು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ಫ್ರೆಂಚ್ ಬಿಟ್ಟು ಬೇರೆ ಮಾತು ಅವರಿಗೆ ಬರುತ್ತಿರಲಿಲ್ಲ. ಪತ್ರಿಕೆಗಳಲ್ಲಿ ಬಂದ ಚಿತ್ರ ನೋಡಿ ತಾಯಿ ಗುರುತಿಸಿ, ಹಡಗು ಹಿಡಿದು ಬಂದು ಕರೆದೊಯ್ದಳು. ತಂದೆಯ ಶವ ಸಿಕ್ಕಿತ್ತು. ಹಾಫ್‌ಮನ್ ಎಂಬ ಹೆಸರು ನೋಡಿ ಯಹೂದಿಯೆಂದು ತಿಳಿದವರು, ಕ್ಯಾಥೊಲಿಕನಾಗಿದ್ದ ಆ ಮನುಷ್ಯನನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ನ ಯಹೂದಿ ಸ್ಮಶಾನದಲ್ಲಿ ಹೂಳಿದರು. ಹಿರಿಯ ಮಗ, ತಂದೆಯ ಹೆಸರನ್ನೇ ಹೊತ್ತ ಮಿಶೆಲ್, ಮುಂದೆ ತತ್ವಶಾಸ್ತ್ರದ ಪ್ರಾಧ್ಯಾಪಕರಾದರು. 1996ರಲ್ಲಿ ಆ ಸಮಾಧಿಯ ಬಳಿ ನಿಂತರು. 2001ರಲ್ಲಿ ತೀರಿಕೊಂಡ ಅವರು ಟೈಟಾನಿಕ್‌ನಿಂದ ಬದುಕುಳಿದ ಗಂಡಸರಲ್ಲಿ ಕೊನೆಯವರು.

ಅಮೆರಿಕ, ಆಸ್ಟ್ರಿಯಾ, ಜರ್ಮನಿಗಳಲ್ಲಿ ಕೂತು ತಮ್ಮ ಬೇರು ಹುಡುಕುವ ನವ್ರಾತಿಲರಿಗೆ ಮೊರಾವಿಯಾದ ದಾಖಲೆಗಳು ಈಗ ದೂರವಿಲ್ಲ. ಬ್ರನೋದ ಮೊರಾವಿಯಾ ಪ್ರಾಂತೀಯ ದಫ್ತರಖಾನೆ ಮತ್ತು ಒಪಾವಾದ ಪ್ರಾಂತೀಯ ದಫ್ತರಖಾನೆಗಳು ಹಳೆಯ ಚರ್ಚ್ ಪುಸ್ತಕಗಳ ಪುಟಪುಟವನ್ನೂ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ತೆರೆದಿಟ್ಟಿವೆ. ಹುಡುಕಾಟವನ್ನು ಹೆಸರಿನಿಂದ ಶುರು ಮಾಡಿದರೆ ಮಾತ್ರ ಕೈಗೆ ಏನೂ ಹತ್ತುವುದಿಲ್ಲ, ಏಕೆಂದರೆ ಹಾನಾದ ಒಂದೇ ಹಳ್ಳಿಯಲ್ಲಿ ರಕ್ತಸಂಬಂಧವಿಲ್ಲದ ಎರಡು ಮೂರು ನವ್ರಾತಿಲ್ ಮನೆಗಳಿರಬಹುದು. ಊರಿನ ಹೆಸರು ಮತ್ತು ಮನೆಯ ಸಂಖ್ಯೆ ಮೊದಲು ಬೇಕು. 1770ರಾಚೆಗೆ ಮನೆಸಂಖ್ಯೆಯೂ ಸಿಗದು, ಅಲ್ಲಿಂದ ಹಿಂದಕ್ಕೆ ಜಮೀನಿನ ಪುಸ್ತಕಗಳನ್ನು ಹಿಡಿದು, ಯಾರು ಯಾವ ಮನೆ ಕೊಂಡರು, ಯಾರು ಯಾವ ವಿಧವೆಯನ್ನು ಮದುವೆಯಾದರು ಎಂದು ಒಂದೊಂದೇ ಸಾಲು ಓದುತ್ತ ಹೋಗಬೇಕು.